ಕ್ಯಾನ್ಸರ್ ನೋಂದಣಿಗೆ ರಾಜ್ಯ ಕಾಯ್ದೆ: ಶಿವಮೊಗ್ಗದಿಂದ ಕೊಡುವ ಮನವಿಯಲ್ಲಿ ಏನೇನಿರಬೇಕು?

ಸಾಗರದ ಕೆರೆದಂಡೆ (ಪ್ರಶ್ನೆ)

ಕರ್ನಾಟಕದಲ್ಲಿ ಕ್ಯಾನ್ಸರನ್ನು ಅಧಿಸೂಚಿತ ಕಾಯಿಲೆ (ಪತ್ತೆಯಾದರೆ ಸರ್ಕಾರಕ್ಕೆ ತಿಳಿಸಬೇಕಾದದ್ದು) ಎಂದು ಘೋಷಿಸಿದ್ದಾರೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಒಬ್ಬ ರೋಗಿಯ ದಾಖಲೆ ಹುಡುಕಿದರೆ ಚೂರುಚೂರಾಗಿ ಸಿಗುತ್ತದೆ: ಬಯಾಪ್ಸಿ ಶಿವಮೊಗ್ಗದಲ್ಲಿ, ಆಪರೇಷನ್ ಘಟ್ಟ ಇಳಿದು ಮಣಿಪಾಲದಲ್ಲಿ, ರೇಡಿಯೇಷನ್ ಬೆಂಗಳೂರಿನ ಕಿದ್ವಾಯಿಯಲ್ಲಿ, ಸಾವು ಮನೆಯಲ್ಲಿ. ಮಾಹಿತಿ ಕಲೆಹಾಕುವುದಕ್ಕೂ ಹಂಚಿಕೊಳ್ಳುವುದಕ್ಕೂ ಸ್ಪಷ್ಟ ಕಾಯ್ದೆ ಬೇಕೆಂದು ಜಿಲ್ಲೆಯ ಶಾಸಕರಿಗೆ ಮನವಿ ಬರೆಯುತ್ತಿದ್ದೇವೆ. ಅಧಿಸೂಚನೆ ಇರುವಾಗ ಕಾಯ್ದೆ ಯಾಕೆ ಬೇಕು? ರೋಗಿಯ ಒಪ್ಪಿಗೆ ಪಡೆಯಬೇಕೇ? ಹಳ್ಳಿಮಟ್ಟದ ಅಂಕಿಅಂಶ ಕೇಳಿದರೆ ಯಾರದೋ ಗುಟ್ಟು ಹೊರಬೀಳುತ್ತದಾ? ಈ ಕೆಲಸ ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಾನೂನು ಕಟ್ಟೆ

ಮೊದಲನೆಯದಕ್ಕೆ ಉತ್ತರ. ಅಧಿಸೂಚನೆಯಿಂದ ಆಗುವ ದೊಡ್ಡ ಉಪಕಾರ ವೈದ್ಯರಿಗೆ. 2002ರ ವೈದ್ಯ ವೃತ್ತಿ ನಡವಳಿಕೆ ನಿಯಮಾವಳಿಯ 7.14ರ ಪ್ರಕಾರ ವೈದ್ಯರು ರೋಗಿಯ ಗುಟ್ಟು ಬಿಟ್ಟುಕೊಡುವಂತಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಅಧಿಸೂಚಿತ ಕಾಯಿಲೆಯೂ ಒಂದು. ಅಂದರೆ ಮಾಹಿತಿ ಕೊಟ್ಟ ವೈದ್ಯರ ಮೇಲೆ ದೂರು ನಿಲ್ಲುವುದಿಲ್ಲ. ಆದರೆ ಯಾರು, ಎಷ್ಟು ದಿನದೊಳಗೆ, ಯಾವ ನಮೂನೆಯಲ್ಲಿ ಕೊಡಬೇಕು, ಕೊಡದಿದ್ದರೆ ಏನು, ಬಂದ ಮಾಹಿತಿ ಮುಂದೆ ಯಾರ ಕೈಗೆ ಹೋಗಬಹುದು ಎಂಬುದೆಲ್ಲ ಕಾಯ್ದೆಯಲ್ಲೇ ಇರಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪಿನ ನಂತರ ಖಾಸಗಿತನಕ್ಕೆ ಕೈಹಾಕುವ ಯಾವುದೇ ಸರ್ಕಾರಿ ಕ್ರಮಕ್ಕೆ ಕಾನೂನಿನ ಬುಡ ಬೇಕು, ನ್ಯಾಯವಾದ ಉದ್ದೇಶ ಬೇಕು, ಆ ಉದ್ದೇಶಕ್ಕೆ ತಕ್ಕಷ್ಟೇ ಮಾಹಿತಿ ತೆಗೆದುಕೊಂಡಿರಬೇಕು.

ಇನ್ನೊಂದು ಕಾರಣ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಹಂತಹಂತವಾಗಿ ಜಾರಿಗೆ ಬರುತ್ತಿವೆ. 7ನೇ ಸೆಕ್ಷನ್ನಿನಲ್ಲಿ ಒಪ್ಪಿಗೆ ಇಲ್ಲದೆ ಬಳಸಬಹುದಾದ ಸಂದರ್ಭಗಳ ಪಟ್ಟಿ ಇದೆ. ವೈದ್ಯಕೀಯ ತುರ್ತು ಇದೆ, ಸಾಂಕ್ರಾಮಿಕ ಇದೆ. ಕ್ಯಾನ್ಸರ್ ನೋಂದಣಿ ಇವೆರಡರಲ್ಲೂ ಕೂರುವುದಿಲ್ಲ. ಕೂರುವ ಜಾಗ 7(ಸಿ) ಮತ್ತು 7(ಡಿ): ಕಾನೂನಿನಡಿ ಸರ್ಕಾರ ಮಾಡುವ ಕೆಲಸ, ಮತ್ತು ಸರ್ಕಾರಕ್ಕೆ ಮಾಹಿತಿ ಕೊಡಲೇಬೇಕೆಂದು ಕಾನೂನು ಹೊರಿಸಿದ ಹೊಣೆ. ಎರಡಕ್ಕೂ ‘ಯಾವ ಕಾನೂನು?’ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಒಂದು ಆದೇಶದ ಪ್ರತಿ ತೋರಿಸುವುದಕ್ಕೂ ಶಾಸನಸಭೆ ಪಾಸು ಮಾಡಿದ ಸೆಕ್ಷನ್ ತೋರಿಸುವುದಕ್ಕೂ ಬಹಳ ಅಂತರ. ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ಇರುವಾಗ ಖಾಸಗಿ ಆಸ್ಪತ್ರೆಯ ಕಾನೂನು ಸಲಹೆಗಾರರು ‘ಕೊಡಬೇಡಿ’ ಎಂದರೆ ಅವರನ್ನು ದೂರುವಂತಿಲ್ಲ.

ರಾಜ್ಯಕ್ಕೆ ಈ ಅಧಿಕಾರ ಇದೆಯೇ ಎಂದು ಶಾಸಕರು ಕೇಳಿಯೇ ಕೇಳುತ್ತಾರೆ. ಇದೆ. ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯ 6ನೇ ನಮೂದು. ಜನನ ಮರಣ ನೋಂದಣಿಯೂ ಸೇರಿದ ಜೀವಾಂಕಗಳು ಸಮವರ್ತಿ ಪಟ್ಟಿಯ 30ನೇ ನಮೂದು.

ಒಪ್ಪಿಗೆಯ ವಿಚಾರ: ಹೆಸರು ಸಹಿತ ನೋಂದಣಿಗೆ ಒಬ್ಬೊಬ್ಬರ ಒಪ್ಪಿಗೆ ಕೇಳುತ್ತ ಹೋದರೆ ಲೆಕ್ಕವೇ ಕೆಡುತ್ತದೆ. ರಿಜಿಸ್ಟ್ರಿಯವರು (ನೋಂದಣಿ ಕಚೇರಿಯವರು) ರೋಗಿಯ ಮುಖ ನೋಡಿರುವುದಿಲ್ಲ, ಕೇಸ್ ಶೀಟ್ ಮಾತ್ರ ನೋಡಿರುತ್ತಾರೆ. ಕೇಳುವ ಹೊತ್ತಿಗೆ ತೀರಿಕೊಂಡವರು, ದೂರದ ಊರಿನವರು, ಮನೆಯವರು ಕಾಯಿಲೆಯ ಹೆಸರೇ ಹೇಳದೆ ಮುಚ್ಚಿಟ್ಟವರು ಬಿಟ್ಟುಹೋಗುತ್ತಾರೆ. ಬಿಟ್ಟುಹೋಗುವವರು ಹೆಚ್ಚಾಗಿ ಬಡವರು, ಕೊನೆಯ ಹಂತದಲ್ಲಿ ಬಂದವರು. ಆದ್ದರಿಂದ ನೋಂದಣಿಗೆ ಒಪ್ಪಿಗೆ ಬೇಡ, ಆದರೆ ನೋಂದಣಿಯಾಗುತ್ತದೆ ಎಂಬ ಸೂಚನೆ ಆಸ್ಪತ್ರೆಯ ಗೋಡೆ ಮೇಲೆ ಕನ್ನಡದಲ್ಲಿ ಇರಲಿ. ಸಂಶೋಧಕರು ರೋಗಿಯನ್ನು ನೇರವಾಗಿ ಸಂಪರ್ಕಿಸಬೇಕಾದರೆ ಮಾತ್ರ ಚಿಕಿತ್ಸೆ ಕೊಟ್ಟ ವೈದ್ಯರ ಮೂಲಕ ಹೊಸದಾಗಿ ಒಪ್ಪಿಗೆ ಪಡೆಯಲಿ.

ಹೊರದೇಶದ ಮಾದರಿ ಬೇಕಿದ್ದರೆ ಅಮೆರಿಕದ 1992ರ ಕ್ಯಾನ್ಸರ್ ನೋಂದಣಿ ಕಾಯ್ದೆ ಓದಿ. ಅಲ್ಲಿ ಒಕ್ಕೂಟದ ಹಣ ಬೇಕಿರುವ ರಾಜ್ಯ ತನ್ನದೇ ಕಾನೂನಿನಲ್ಲಿ ಕಡ್ಡಾಯ ವರದಿ, ದಾಖಲೆ ನೋಡುವ ಹಕ್ಕು, ಗೋಪ್ಯತೆ, ಸಂಶೋಧನೆಗೆ ದಾರಿ, ವರದಿ ಕೊಟ್ಟವರಿಗೆ ದಾವೆಯಿಂದ ರಕ್ಷಣೆ ಇಷ್ಟನ್ನೂ ಒದಗಿಸಬೇಕು. ಜಪಾನ್ 2013ರಲ್ಲಿ ಕಾಯ್ದೆ ಮಾಡಿ 2016ರ ಜನವರಿಯಿಂದ ಎಲ್ಲ ಆಸ್ಪತ್ರೆಗಳಿಗೂ ವರದಿ ಕಡ್ಡಾಯ ಮಾಡಿತು.

ಕೋಡಿಂಗ್ ಮೇಜು

ಕಾಯ್ದೆಯಲ್ಲಿ ಎಷ್ಟೇ ಚೆಂದ ಬರೆದರೂ ಕೆಲಸ ಕೆಡುವುದು ಫಾರಂ ತುಂಬುವಲ್ಲಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರು ಮಾಡಿದಾಗಿನಿಂದ ನಮ್ಮಲ್ಲಿರುವ ಪದ್ಧತಿ ಎಂದರೆ ರಿಜಿಸ್ಟ್ರಿ ಸಿಬ್ಬಂದಿಯೇ ಆಸ್ಪತ್ರೆಗೆ ಹೋಗಿ ಪೆಥಾಲಜಿ ಪುಸ್ತಕ, ರೇಡಿಯೋಥೆರಪಿ ಪುಸ್ತಕ, ಮೆಡಿಕಲ್ ರೆಕಾರ್ಡ್ಸ್ ಕೋಣೆ ತಡಕಿ ಬರೆದುಕೊಳ್ಳುವುದು. ಹೋಗುವಷ್ಟರಲ್ಲಿ ದಾಖಲೆ ಇಲ್ಲದೆ ಹೋಗಬಹುದು, ಯಾಕೆಂದರೆ ಮೇಲೆ ಹೇಳಿದ 2002ರ ನಿಯಮಾವಳಿ ವೈದ್ಯರಿಗೆ ವಿಧಿಸಿರುವುದು 3 ವರ್ಷದ ಸಂರಕ್ಷಣೆ ಮಾತ್ರ. ಕ್ಯಾನ್ಸರ್ ದಾಖಲೆಗೆ ಇದನ್ನು 10 ವರ್ಷಕ್ಕೆ ಏರಿಸಿ ಎಂದು ಕೇಳಿ.

ಮೊದಲ ಹೊಣೆ ಲ್ಯಾಬಿನ ಮೇಲಿರಲಿ. ರೋಗಿ ಎಲ್ಲಿಗೆ ಹೋದರೂ ಬಯಾಪ್ಸಿ ರಿಪೋರ್ಟ್ ಒಂದು ಕಡೆ ಹುಟ್ಟಲೇಬೇಕು. ರಿಪೋರ್ಟ್ ಸಹಿಯಾದ 30 ದಿನದೊಳಗೆ ಲ್ಯಾಬ್ ಕಳಿಸಲಿ, ಹಂತ ಮತ್ತು ಚಿಕಿತ್ಸೆಯ ವಿವರವನ್ನು ಆಸ್ಪತ್ರೆ 6 ತಿಂಗಳೊಳಗೆ ಸೇರಿಸಲಿ. ಎರಡಕ್ಕೂ ಒಂದೇ ಗಡುವು ಇಟ್ಟರೆ ಅರ್ಧ ಖಾಲಿ ಫಾರಂ ಬರುತ್ತದೆ.

ನಮ್ಮ ಜಿಲ್ಲೆಗೆ ಬಹಳ ಮುಖ್ಯವಾದದ್ದು ದೇಹದಲ್ಲಿ ಕ್ಯಾನ್ಸರ್ ಇರುವ ಜಾಗದ ಕೋಡ್. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಬಾಯಿ ಕ್ಯಾನ್ಸರ್’ ಅಂತ ಮಾತ್ರ ಇದ್ದರೆ ಐಸಿಡಿ-ಓ ಎಂಬ ಅಂತರರಾಷ್ಟ್ರೀಯ ಕ್ಯಾನ್ಸರ್ ಕೋಡ್ ಪಟ್ಟಿಯಲ್ಲಿ ಅದು ಸಿ 06.9 ಎಂಬ ಗೊತ್ತಿಲ್ಲದ ಬುಟ್ಟಿಗೆ ಬೀಳುತ್ತದೆ. ಕವಳ (ಎಲೆಅಡಿಕೆ) ಒತ್ತರಿಸಿಕೊಳ್ಳುವ ಕೆನ್ನೆಯ ಒಳಪದರ ಸಿ 06.0, ನಾಲಿಗೆಯ ಅಂಚು ಸಿ 02.1, ಕೆಳವಸಡು ಸಿ 03.1. ಈ ಮೂರನ್ನು ಬಿಡಿಸದಿದ್ದರೆ ಅಡಿಕೆ ಸೀಮೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ಅಂಗಾಂಶದ ಕೋಡಿನ ಕೊನೆಯ ಅಂಕಿಯೂ ಬೇಕು: 8070/3 ಎಂದರೆ ಹರಡಬಲ್ಲ ಸ್ಕ್ವಾಮಸ್ (ಮೇಲ್ಪದರದ ಚಪ್ಪಟೆ ಕೋಶಗಳ) ಕ್ಯಾನ್ಸರ್, 8070/2 ಎಂದರೆ ಇನ್ನೂ ಮೇಲ್ಪದರ ದಾಟದ್ದು. ಎರಡನ್ನೂ ಬೆರೆಸಿದರೆ ತಪಾಸಣಾ ಶಿಬಿರ ನಡೆಸಿದ ವರ್ಷವೆಲ್ಲ ಕಾಯಿಲೆ ಏರಿದಂತೆ ಕಾಣುತ್ತದೆ.

ಇನ್ನು ಒಬ್ಬರೇ ಮೂರು ಸಲ ಎಣಿಕೆಯಾಗುವ ಕಾಟ. ಶಿವಮೊಗ್ಗದ ರಿಪೋರ್ಟಿನಲ್ಲಿ ‘ಶಾರದಮ್ಮ’, ಮಣಿಪಾಲದಲ್ಲಿ ಗಂಡನ ಹೆಸರಿನ ಇನಿಷಿಯಲ್ ಸೇರಿದ ‘ಶಾರದಾ’, ಬೆಂಗಳೂರಿನಲ್ಲಿ ಮಗನ ಮನೆ ವಿಳಾಸ. ವಯಸ್ಸು ಒಂದು ಕಡೆ 58, ಇನ್ನೊಂದು ಕಡೆ ‘ಸುಮಾರು 60’. ಹೊಸೂರು, ಹೊಸಳ್ಳಿ, ಕೊಪ್ಪ ಎಂಬ ಹೆಸರಿನ ಊರು ಎಷ್ಟೋ ಇವೆ. ಆದ್ದರಿಂದ ಫಾರಂನಲ್ಲಿ ಎರಡು ವಿಳಾಸ ಕಡ್ಡಾಯವಾಗಲಿ: ಈಗ ಉಳಿದುಕೊಂಡಿರುವುದು, ಮತ್ತು ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ವಾಸವಿರುವುದು. ಜನಸಂಖ್ಯಾ ಆಧಾರಿತ ನೋಂದಣಿಯಲ್ಲಿ (ಒಂದು ಪ್ರದೇಶದ ನಿವಾಸಿಗಳನ್ನೆಲ್ಲ ಎಣಿಸುವುದು) ಲೆಕ್ಕಕ್ಕೆ ಬರುವುದು ಎರಡನೆಯದೇ. ಊರಿಗೆ ಹೆಸರಿನ ಬದಲು ಕೇಂದ್ರ ಸರ್ಕಾರದ ಸ್ಥಳೀಯಾಡಳಿತ ಡೈರೆಕ್ಟರಿಯ (ಎಲ್‌ಜಿಡಿ) ಗ್ರಾಮ ಕೋಡ್ ಹಾಕಲಿ. ಆಭಾ (ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಇದ್ದರೆ ಬರೆಯಲಿ, ಇಲ್ಲದವರ ಕೇಸು ತಿರಸ್ಕಾರವಾಗದಂತೆ ಕಾಯ್ದೆಯಲ್ಲೇ ಹೇಳಲಿ.

ತುಂಗಾ ಬಯಲು

ಹಂಚಿಕೆ ಬಗ್ಗೆ. ಮಲೆನಾಡಿನಲ್ಲಿ ಇದು ಬಯಲುಸೀಮೆಗಿಂತ ಸೂಕ್ಷ್ಮ. ತೋಟದ ನಡುವೆ ಒಂಟಿ ಮನೆ, ಇಡೀ ಮಜರೆಗೆ ಹತ್ತೋ ಹದಿನೈದೋ ಒಲೆ. ‘ಇಂಥ ಗ್ರಾಮ, ಹೆಂಗಸು, 45–49, ಗರ್ಭಕಂಠ, 1’ ಎಂದು ಪ್ರಕಟಿಸಿದರೆ ಹೆಸರು ಹಾಕಿದಂತೆಯೇ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಅಂಕಿಅಂಶದಲ್ಲಿ ಕೋಷ್ಟಕದ ಯಾವ ಚೌಕದಲ್ಲಿ 16ಕ್ಕಿಂತ ಕಡಿಮೆ ಕೇಸಿದೆಯೋ ಅದನ್ನು ಮುಚ್ಚುತ್ತಾರೆ. ನಮಗೂ ಅಂಥ ಮಿತಿ ಬೇಕು. ಮುಚ್ಚಿದ ಸಂಖ್ಯೆಯನ್ನು ತಾಲ್ಲೂಕಿನ ಮೊತ್ತದಿಂದ ಕಳೆದು ಕಂಡುಹಿಡಿಯುವುದು ಸುಲಭ, ಹಾಗಾಗಿ ಪಕ್ಕದ ಇನ್ನೊಂದು ಚೌಕವನ್ನೂ ಮುಚ್ಚಬೇಕು. ಒಂದೇ ವರ್ಷದ ಬದಲು 5 ವರ್ಷ ಒಟ್ಟುಗೂಡಿಸಿದರೆ ಏಳೂ ತಾಲ್ಲೂಕಿನ ಚಿತ್ರ ಕೊಡಬಹುದು. ಹಳ್ಳಿಮಟ್ಟ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಶೋಧನೆಗೆ ಹೆಸರು ತೆಗೆದ ಕಡತ ಕೊಡುವಾಗ ಜನ್ಮದಿನಾಂಕದ ಬದಲು ವಯಸ್ಸು, ಗ್ರಾಮದ ಬದಲು ತಾಲ್ಲೂಕು ಇರಲಿ. ನೈತಿಕ ಸಮಿತಿಯ ಒಪ್ಪಿಗೆ, ಲಿಖಿತ ಒಪ್ಪಂದ, ಕೆಲಸ ಮುಗಿದ ಮೇಲೆ ಕಡತ ಅಳಿಸಿದ ಪ್ರಮಾಣಪತ್ರ ಬೇಕು. ದತ್ತಾಂಶ ಕಾಯ್ದೆಯ 17(2)(ಬಿ) ಸಂಶೋಧನೆಗೆ ಕೊಡುವ ವಿನಾಯಿತಿಯೂ ಆ ಮಾಹಿತಿಯಿಂದ ವ್ಯಕ್ತಿಯೊಬ್ಬರ ಮೇಲೆ ನಿರ್ಧಾರ ತೆಗೆದುಕೊಳ್ಳಬಾರದು ಎಂಬ ಷರತ್ತಿನದೇ. ವಿಮಾ ಕಂಪನಿ, ಕೆಲಸ ಕೊಡುವವರು, ಸಾಲ ಕೊಡುವವರಿಗೆ ಯಾವ ರೂಪದಲ್ಲೂ ಇಲ್ಲ ಎಂದು ಹೆಸರಿಸಿಯೇ ಬರೆಯಿರಿ.

ಪ್ರಕಟಣೆಗೂ ಗಡುವು ಹಾಕಿಸಿ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರಲ್ಲೇ ಮೊದಲ ಗುಂಪಿನ, ಅಂದರೆ ಖಚಿತವಾದ, ಕ್ಯಾನ್ಸರ್‌ಕಾರಕ ಎಂದಿದೆ. ಜಿಲ್ಲೆಯ ಜೀವನವೇ ಅಡಿಕೆ ಮೇಲೆ ನಿಂತಿರುವಾಗ ಅಂಕಿಅಂಶ ಹೊರಬಿಡಲು ಹಿಂಜರಿಕೆ ಬರುವುದು ಸಹಜ. ಆದರೆ ಅದನ್ನು ತಡೆಹಿಡಿಯುವ ಅಧಿಕಾರ ಯಾರಿಗೂ ಇರಬಾರದು. ತೋಟದಲ್ಲಿ ದುಡಿಯುವವರ, ಅಡಿಕೆ ಸುಲಿಯುವವರ ಬಾಯಿಯ ಪ್ರಶ್ನೆ ಅದು.

ಸಾಗರದ ಕೆರೆದಂಡೆ

ಬಹಳ ಉಪಕಾರವಾಯಿತು. ಒಂದು ಉಳಿಯಿತು. ಮನೆಯಲ್ಲಿ ತೀರಿಕೊಂಡವರು ಲೆಕ್ಕಕ್ಕೆ ಬರುವುದು ಹೇಗೆ?

ಕೋಡಿಂಗ್ ಮೇಜು

ಮರಣ ನೋಂದಣಿಯ ಮೂಲಕ. ಸಾವಿನ ಕಾರಣ ವೈದ್ಯರು ಬರೆದುಕೊಡುವುದು ಆಸ್ಪತ್ರೆಯ ಸಾವಿಗೆ ನಮೂನೆ 4ರಲ್ಲಿ, ಹೊರಗಿನ ಸಾವಿಗೆ 4ಎಯಲ್ಲಿ. ಹಾಳಾಗುವುದು ಕಾರಣದ ಸಾಲಿನಲ್ಲಿ. ‘ಹೃದಯ ಸ್ತಂಭನ’ ಎಂದು ಬರೆದು ಮುಗಿಸುತ್ತಾರೆ. ಅದು ಸಾಯುವ ರೀತಿ, ಕಾರಣವಲ್ಲ. ಸರಿಯಾದ ಕ್ರಮದಲ್ಲಿ ಮೊದಲ ಸಾಲಿಗೆ ತಕ್ಷಣದ ಕಾರಣ, ಉದಾಹರಣೆಗೆ ನ್ಯುಮೋನಿಯಾ. ಅದರ ಕೆಳಗಿನ ಸಾಲಿಗೆ ಅದಕ್ಕೆ ಮೂಲವಾದ ‘ಎಡಗೆನ್ನೆಯ ಒಳಪದರದ ಕ್ಯಾನ್ಸರ್’.

ರಿಜಿಸ್ಟ್ರಿಯವರು ಆ ಪಟ್ಟಿಯನ್ನು ತಮ್ಮ ಪಟ್ಟಿಯೊಂದಿಗೆ ಹೊಂದಿಸುತ್ತಾರೆ. ಹೆಸರು ಸಿಗದಿದ್ದರೆ ಆಸ್ಪತ್ರೆ, ವೈದ್ಯರು, ಮನೆಯವರನ್ನು ವಿಚಾರಿಸಿ ಹಳೆಯ ರಿಪೋರ್ಟ್ ಹುಡುಕುತ್ತಾರೆ. ಏನೂ ಸಿಗದಿದ್ದಾಗ ಮಾತ್ರ ‘ಮರಣಪತ್ರವೊಂದೇ ಆಧಾರ’ ಎಂದು ನಮೂದಿಸಿ, ಸಾವಿನ ದಿನಾಂಕವನ್ನೇ ಪತ್ತೆಯ ದಿನಾಂಕವಾಗಿ ಹಾಕುತ್ತಾರೆ. ಇಂಥ ಕೇಸು ಹೆಚ್ಚಿದ್ದರೆ ಬದುಕಿದ್ದಾಗ ತಪ್ಪಿಸಿಕೊಂಡವರು ಹೆಚ್ಚು ಎಂದರ್ಥ. ಒಂದೂ ಇಲ್ಲದಿದ್ದರೆ ಮರಣ ದಾಖಲೆ ರಿಜಿಸ್ಟ್ರಿಗೆ ತಲುಪುತ್ತಲೇ ಇಲ್ಲವೇನೋ ಎಂದು ಅನುಮಾನಿಸಬೇಕು. ಹಾಗಾಗಿ ಮರಣ ನೋಂದಣಾಧಿಕಾರಿಗಳು ಕಾರಣಸಹಿತ ಪಟ್ಟಿಯನ್ನು 3 ತಿಂಗಳಿಗೊಮ್ಮೆ ರಿಜಿಸ್ಟ್ರಿಗೆ ಕಳಿಸಬೇಕೆಂಬ ಒಂದು ಉಪಸೆಕ್ಷನ್ ಸೇರಿಸಿ. 4ಎ ಬರೆಯಲು ವೈದ್ಯರೇ ಸಿಗದ ಕಡೆ, ಮನೆಯಲ್ಲಿರುವ ಹಳೆಯ ಬಯಾಪ್ಸಿ ರಿಪೋರ್ಟಿನ ಸಂಖ್ಯೆಯನ್ನಾದರೂ ಆಶಾ ಕಾರ್ಯಕರ್ತೆ ಗುರುತು ಹಾಕಿಕೊಳ್ಳುವ ವ್ಯವಸ್ಥೆ ಕೇಳಿ. ಆ ಒಂದು ಸಂಖ್ಯೆ ಸಿಕ್ಕರೆ ಉಳಿದದ್ದನ್ನು ಲ್ಯಾಬಿನ ಪುಸ್ತಕದಿಂದ ತೆಗೆಯಬಹುದು.