ನಾವು ಹೋದ ಮೇಲೆ ಏನು ಉಳಿಯುತ್ತದೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ನನಗೆ 60 ದಾಟಿತು. ಮಕ್ಕಳಿಲ್ಲ. ನೆನಪಿಟ್ಟುಕೊಳ್ಳುವಂಥ ದೊಡ್ಡ ಕೆಲಸ ಏನೂ ಮಾಡಲಿಲ್ಲ ಅನ್ನೋ ಕೊರಗು ಇತ್ತೀಚೆಗೆ ಜಾಸ್ತಿಯಾಗಿದೆ. ಏನಾದರೂ ಬಿಟ್ಟು ಹೋಗಬೇಕು ಅಂದರೆ ಈಗ ಎಲ್ಲಿಂದ ಶುರು ಮಾಡಲಿ?

ಉತ್ತರ 1: ಸರ್, ಹೆಸರಿನ ಚಿಂತೆ ಮೊದಲು ಬಿಡಿ. ಅದು ಯಾರ ಕೈಯಲ್ಲೂ ಇಲ್ಲ. ಗುಣಗಳು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹೇಗೆ ಬರುತ್ತವೆ ಅಂತ ಕಂಡುಕೊಂಡ ವಿಜ್ಞಾನಿ ಗ್ರೆಗರ್ ಮೆಂಡೆಲ್, ಬಟಾಣಿ ಗಿಡಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ 1866ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಗಮನಿಸಲೇ ಇಲ್ಲ. 1884ರಲ್ಲಿ ಅವರು ತೀರಿಕೊಂಡರು. ಅದರ ಬೆಲೆ ಉಳಿದ ವಿಜ್ಞಾನಿಗಳಿಗೆ ಗೊತ್ತಾಗಿದ್ದು 1900ರಲ್ಲಿ.

ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ನಾನು. ಕೆನಡಾದ ಮನೋವೈದ್ಯ ಹಾರ್ವೆ ಚೊಚಿನೊವ್ ರೂಪಿಸಿದ ‘ಡಿಗ್ನಿಟಿ ಥೆರಪಿ’ ಅಂತ ಒಂದು ಕ್ರಮ ಇದೆ. ರೋಗಿಯ ಪಕ್ಕ ಕೂತು ಕೆಲವು ಪ್ರಶ್ನೆ ಕೇಳುತ್ತಾರೆ. ನಿಮ್ಮ ಬದುಕಿನಲ್ಲಿ ಯಾವುದು ಮುಖ್ಯ ಅನ್ನಿಸುತ್ತದೆ? ನಿಮ್ಮವರಿಗೆ ಏನು ಗೊತ್ತಿರಬೇಕು? ಅವರಿಗಾಗಿ ಏನು ಬಯಸುತ್ತೀರಿ? ಹೇಳಿದ್ದನ್ನು ರೆಕಾರ್ಡ್ ಮಾಡಿ, ಬರೆದು, ತಿದ್ದಿ, ರೋಗಿಗೇ ಓದಿ ಹೇಳುತ್ತಾರೆ. ಆಮೇಲೆ ಆ ಬರಹ ಅವರ ಕೈ ಸೇರುತ್ತದೆ. ಯಾರಿಗೆ ಕೊಡಬೇಕೋ ಅವರಿಗೆ ಕೊಡಬಹುದು. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 100 ರೋಗಿಗಳಿದ್ದರು. ಬಹಳಷ್ಟು ಮಂದಿಗೆ ಇದರಿಂದ ಸಮಾಧಾನ ಸಿಕ್ಕಿತ್ತು.

ನಾನು ಕೇಳಿಸಿಕೊಂಡಿರುವ ಮಾತುಗಳಲ್ಲಿ ಆಸ್ತಿ, ಹುದ್ದೆಯ ವಿಷಯ ಬೇಗ ಮುಗಿದುಹೋಗುತ್ತದೆ. ಯಾರಿಗೆ ಏನು ಕಲಿಸಿದೆ, ಕಷ್ಟದಲ್ಲಿ ಯಾರ ಜೊತೆ ನಿಂತೆ, ಯಾರ ಹತ್ತಿರ ಒಂದು ಮಾತು ಬಾಕಿ ಇದೆ, ಇದೇ ಹೊತ್ತುಗಟ್ಟಲೆ ನಡೆಯುತ್ತದೆ. ಎಷ್ಟೋ ಸಲ ಆ ಬಾಕಿ ಮಾತು ಹೇಳಲು ಆಗ ಉಸಿರು ಸಾಲುವುದಿಲ್ಲ. ನೋಡಿದರೆ ಸಂಕಟವಾಗುತ್ತದೆ. ನೀವು ಗಟ್ಟಿಯಾಗಿದ್ದೀರಿ, ಅಲ್ವಾ? ಆ ಪ್ರಶ್ನೆಗಳನ್ನು ಈಗಲೇ ಕೇಳಿಕೊಳ್ಳಿ. ಒಬ್ಬರೇ ಬರೆಯಲು ಕೂರಬೇಡಿ. ಕೇಳುವವರು ಎದುರಿಗಿದ್ದರೆ ಮಾತು ತಾನಾಗಿ ಬರುತ್ತದೆ.

ಉತ್ತರ 2: ನನಗೆ ಲೇತ್ ಕೆಲಸ ಕಲಿಸಿದವರಿಗೂ ಮಕ್ಕಳಿರಲಿಲ್ಲ. ಯಾರ ಕೆಲಸ ಕೆಟ್ಟರೂ ಅವರು ಬೈಯುತ್ತಿರಲಿಲ್ಲ. ಕೆಟ್ಟ ಪೀಸನ್ನು ಕೈಗೆ ಕೊಟ್ಟು, “ಎಲ್ಲಿ ತಪ್ಪಿತು, ನೀನೇ ಹೇಳು” ಅನ್ನುತ್ತಿದ್ದರು. ಇವತ್ತು ಹೊಸ ಹುಡುಗರಿಗೆ ನಾನೂ ಹಾಗೇ ಹೇಳಿಕೊಡುತ್ತೇನೆ. ಆ ಹುಡುಗರು ಅವರನ್ನು ನೋಡಿಯೇ ಇಲ್ಲ. ನಿಮಗೆ ಬರುವ ಕೆಲಸ ಯಾವುದೋ ಅದನ್ನು ಯಾರಿಗಾದರೂ ಪೂರ್ತಿ ಕಲಿಸಿ ಸರ್.

ಉತ್ತರ 3: ಮೇಲಿನ ಇಬ್ಬರೂ ಹೇಳಿದ್ದು ಸರಿ. ಅದರ ಜೊತೆ ಇದನ್ನೂ ಮಾಡಿ. ಉಯಿಲು ಬರೆಸಿ. ಹಳೆಯ ಫೋಟೊಗಳ ಹಿಂದೆ ಯಾರು ಯಾರು ಅಂತ ಹೆಸರು ಬರೆಯಿರಿ; ನಿಮ್ಮ ನಂತರ ಅದನ್ನು ಹೇಳುವವರು ಇರುವುದಿಲ್ಲ. ಗೂಗಲ್ ಖಾತೆಯಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಇದೆ. ನೀವು ಗೊತ್ತು ಮಾಡಿದಷ್ಟು ತಿಂಗಳು ಖಾತೆ ಬಳಸದೇ ಇದ್ದರೆ, ನೀವು ಆರಿಸಿದವರಿಗೆ ಫೋಟೊ, ಫೈಲುಗಳು ಸಿಗುತ್ತವೆ. ಐಫೋನ್ ಇದ್ದರೆ ‘ಲೆಗಸಿ ಕಾಂಟ್ಯಾಕ್ಟ್’ ಅಂತ, ಅಂದರೆ ನಿಮ್ಮ ನಂತರ ನಿಮ್ಮ ಖಾತೆಯ ಫೋಟೊ, ಫೈಲು ನೋಡಬಹುದಾದವರನ್ನು ಸೇರಿಸಿ. ಮುಂದೆ ಅವರು ಮರಣ ಪ್ರಮಾಣಪತ್ರದ ಜೊತೆ ಅವರನ್ನು ಸೇರಿಸುವಾಗ ಫೋನ್ ಕೊಡುವ ‘ಆಕ್ಸೆಸ್ ಕೀ’ ಅನ್ನೋ ಕೋಡ್ ಕೂಡ ಕೊಡಬೇಕಾಗುತ್ತದೆ. ಆ ಕೀಯನ್ನು ಸೇರಿಸಿದ ದಿನವೇ ಅವರಿಗೆ ತಲುಪಿಸಿಬಿಡಿ.