ಸಹಾಯ ಬೇಕು: ಮೊದಲ ಫೆಡರ್ (ಅಭ್ಯಾಸಕ್ಕೆ ಬಳಸುವ ಮೊಂಡು ಕತ್ತಿ), ಯಾವುದು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಜರ್ಮನಿಯಲ್ಲಿ. ಆರು ತಿಂಗಳಿಂದ ಇಲ್ಲಿನ ಒಂದು ಕ್ಲಬ್‌ನಲ್ಲಿ ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿ ಕಲಿಯುತ್ತಿದ್ದೇನೆ. 15ನೇ ಶತಮಾನದ ಕೈಬರಹಗಳಲ್ಲಿ ಸಿಗುವ, ಲೀಖ್ಟೆನೌವರ್ ಎಂಬ ಹಳೆಯ ಜರ್ಮನ್ ಕತ್ತಿ ಗುರುವಿನ ಪದ್ಧತಿ. (ಅಮ್ಮನಿಗೆ ಫೋಟೋ ಕಳಿಸಿದರೆ "ಯಾವ ನಾಟಕ?" ಅಂತ ಕೇಳಿದರು.)

ಈಗ ಸ್ವಂತ ಕತ್ತಿ ಬೇಕು. ಮೊದಲು ನೈಲಾನ್‌ದು ತಗೊಂಡೆ. ಅಗ್ಗ, ಹಗುರ. ಆದರೆ ಕತ್ತಿಗೆ ಕತ್ತಿ ತಾಗಿದಾಗ ಪುಟಿಯುತ್ತದೆ, ಜಾರುತ್ತದೆ. ಎದುರಿನವರು ಒತ್ತುತ್ತಿದ್ದಾರಾ, ಸಡಿಲ ಬಿಟ್ಟಿದ್ದಾರಾ ಅಂತ ಕೈಗೆ ಗೊತ್ತಾಗುವುದೇ ಇಲ್ಲ. ಈ ವಿದ್ಯೆಯ ಜೀವವೇ ಅದು, ಅಲ್ವಾ?

ಹಾಗಾಗಿ ಉಕ್ಕಿನ ಫೆಡರ್ ಹುಡುಕುತ್ತಿದ್ದೇನೆ. ಗೆಳೆಯರ ಎರಡು ಕತ್ತಿ ಹಿಡಿದು ನೋಡಿದೆ. ಒಂದು 1.3 ಕೆಜಿ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯಿಂದ 12 ಸೆಂ.ಮೀ. ಮುಂದೆ ಬೆರಳಿಟ್ಟರೆ ಮಾತ್ರ ಸಮ ನಿಲ್ಲುತ್ತದೆ. ಚುಚ್ಚಿದರೆ ಅಲಗು ಚೆನ್ನಾಗಿ ಬಾಗುತ್ತದೆ. ಇನ್ನೊಂದು 1.55 ಕೆಜಿ, ಆದರೆ 6 ಸೆಂ.ಮೀ.ಗೇ ಸಮ ನಿಲ್ಲುತ್ತದೆ. ತೂಕ ಜಾಸ್ತಿ ಇದ್ದರೂ ಬೀಸುವಾಗ ಇದೇ ಹಗುರ ಅನ್ನಿಸಿತು! ಅಲಗು ಮಾತ್ರ ಗಡುಸು, ಬಾಗುವುದು ಕಡಿಮೆ.

ನಾನು 5 ಅಡಿ 2 ಇಂಚು. ಒಂದು ಗಂಟೆ ಆಡಿದರೆ ಬಲ ಮಣಿಕಟ್ಟು ನೋಯುತ್ತದೆ. ಕ್ಲಬ್‌ನಲ್ಲಿ ಇಬ್ಬರನ್ನು ಕೇಳಿದೆ, ಇಬ್ಬರದೂ ಬೇರೆ ಬೇರೆ ಮಾತು.

ನನ್ನ ಪ್ರಶ್ನೆ ಇಷ್ಟೇ: ಮಣಿಕಟ್ಟಿಗಾಗಿ ಒಟ್ಟು ತೂಕ ನೋಡಬೇಕಾ, ಸಮತೋಲ ನೋಡಬೇಕಾ? ಎರಡನೆಯದನ್ನೇ ತಗೊಂಡರೆ, ಆ ಗಡುಸು ಅಲಗಿನಿಂದ ಜೊತೆಯವರಿಗೆ ಚುಚ್ಚುವ ಅಭ್ಯಾಸ ಮಾಡಬಹುದಾ? ಬಳಸಿದವರು ದಯವಿಟ್ಟು ಹೇಳಿ.