ಅಸಿಮೋವ್ ಅವರ ‘ಫೌಂಡೇಷನ್’ ಎರಡನೇ ಸಲ ಓದಿದವರು ಅನುಭವ ಹೇಳ್ತೀರಾ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಐಸಾಕ್ ಅಸಿಮೋವ್ ಅವರ ‘ಫೌಂಡೇಷನ್’ ವೈಜ್ಞಾನಿಕ ಕಾದಂಬರಿ ಸರಣಿಯ ಮೊದಲ ಮೂರು ಪುಸ್ತಕ ಓದಿ ಬೆರಗಾಗಿದ್ದೆ. ಈಗ ಮತ್ತೆ ಓದುವ ಆಸೆ, ಆದರೆ ಈ ಸಲ ಪ್ರಶ್ನೆ ಕೇಳುತ್ತಾ. ಏನನ್ನು ಗಮನಿಸಲಿ?

ಉತ್ತರ: ಮೊದಲು ಒಂದು ವಿಷಯ ನೆನಪಿಡಿ. ಇವು ಬಹುಪಾಲು 1942ರಿಂದ 1950ರವರೆಗೆ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದ ಕತೆಗಳು. ಪುಸ್ತಕ ಆದದ್ದು 1951ರಿಂದ 1953ರೊಳಗೆ. ಪಾತ್ರಗಳು ಬಂದ ಹಾಗೇ ಮಾಯವಾಗುವುದು ಅದಕ್ಕೇ. ಇವುಗಳ ಹಿಂದಿನ ಕತೆ ಹೇಳುವ, 1988ರಲ್ಲಿ ಬಂದ ‘ಪ್ರಿಲ್ಯೂಡ್ ಟು ಫೌಂಡೇಷನ್’ನಿಂದ ಮಾತ್ರ ಶುರು ಮಾಡಬೇಡಿ.

ಉತ್ತರ: ಹೆಂಗಸರನ್ನು ಗಮನಿಸಿ. ಮೊದಲ ಪುಸ್ತಕದಲ್ಲಿ ಕೊರೆಲ್ ದೊರೆಯ ಹೆಂಡತಿ ಬಿಟ್ಟರೆ ನೆನಪಲ್ಲಿ ಉಳಿಯುವವರೇ ಇಲ್ಲ. ಆದರೆ ಎರಡನೆಯದರಲ್ಲಿ ಬೇಟಾ ಇದ್ದಾಳೆ. ಎಲ್ಲರ ಮನಸ್ಸನ್ನೂ ತಿರುಚುವ ಮ್ಯೂಲ್ ಇವಳನ್ನು ಮುಟ್ಟುವುದಿಲ್ಲ. ಯಾಕೆಂದರೆ ಯಾರ ಬಲವಂತವೂ ಇಲ್ಲದೆ ಅವನನ್ನು ಇಷ್ಟಪಟ್ಟವಳು ಇವಳೊಬ್ಬಳೇ. ಅವನನ್ನು ಕಂಡುಹಿಡಿದು ತಡೆಯುವವಳೂ ಇವಳೇ. ನನಗೆ ಇಡೀ ಸರಣಿಯಲ್ಲಿ ತುಂಬಾ ಹಿಡಿಸಿದ ಜಾಗ ಅದು.

ಉತ್ತರ: ಮೇಡಂ ಹೇಳಿದ್ದು ನಿಜ. ನನ್ನನ್ನು ಕಾಡಿದ್ದು, ಗ್ಯಾಲಕ್ಸಿಯ ಸಾಮ್ರಾಜ್ಯ ಕುಸಿಯುತ್ತದೆ ಅಂತ ಮೊದಲೇ ಕಂಡುಕೊಂಡ ಗಣಿತಜ್ಞ ಸೆಲ್ಡನ್‌ನ ಲೆಕ್ಕಾಚಾರ. ಅನಿಲದ ಒಂದು ಅಣು ಎತ್ತ ಹೋಗುತ್ತದೆ ಅಂತ ಹೇಳಲಾಗದು, ಇಡೀ ಅನಿಲದ ನಡತೆ ಹೇಳಬಹುದು. ಜನರ ಗುಂಪೂ ಹಾಗೇ ಅನ್ನುವುದು ಸೈಕೋಹಿಸ್ಟರಿ. ಅದಕ್ಕೆ ಎರಡು ಷರತ್ತು: ಜನ ತುಂಬಾ ಜಾಸ್ತಿ ಇರಬೇಕು, ಮತ್ತು ಅವರಿಗೆ ಭವಿಷ್ಯದ ಲೆಕ್ಕ ಗೊತ್ತಿರಬಾರದು. ಹುಡುಗನಾಗಿದ್ದಾಗ ಎರಡನೇ ಷರತ್ತನ್ನು ಗಣಿತ ಅಂತ ಓದಿದ್ದೆ. ಈಗ ಅದು ರಾಜಕೀಯ ಅನ್ನಿಸುತ್ತದೆ. ಕೋಟಿಗಟ್ಟಲೆ ಜನರ ಬದುಕಿನ ಯೋಜನೆಯನ್ನು ಅವರಿಂದಲೇ ಮುಚ್ಚಿಡಬೇಕು, ಮೂರನೇ ಪುಸ್ತಕದಲ್ಲಿ ಅದಕ್ಕಾಗಿ ಯೋಜನೆ ಕಾಯುವವರು ಎಳೆಗೂಸಿನ ಮನಸ್ಸಿಗೂ ಕೈ ಹಾಕುತ್ತಾರೆ. ಇದರಿಂದ ಸಾಮ್ರಾಜ್ಯ ಬಿದ್ದ ಮೇಲಿನ 30,000 ವರ್ಷದ ಅರಾಜಕತೆ 1,000 ವರ್ಷಕ್ಕೆ ಇಳಿಯುತ್ತದೆ, ಸರಿ. ಆದರೆ ಕೊನೆಗೆ ಬರುವುದು ಇನ್ನೊಂದು ಸಾಮ್ರಾಜ್ಯ. ಸಾಮ್ರಾಜ್ಯವೇ ಯಾಕೆ ಬೇಕು? ಸೆಲ್ಡನ್‌ನ ಫೌಂಡೇಷನ್ ನೆಲೆಸಿದ ಟರ್ಮಿನಸ್ ಗ್ರಹದವರು ಮೊದಲು ಪುರೋಹಿತರನ್ನು, ಆಮೇಲೆ ವ್ಯಾಪಾರಿಗಳನ್ನು ಕಳಿಸಿ ಅಕ್ಕಪಕ್ಕದ ರಾಜ್ಯಗಳನ್ನು ಕೈಯಲ್ಲಿಟ್ಟುಕೊಳ್ಳುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆ ಓದಿದ ನಮಗೆ ಇದನ್ನು ಬರೀ ಜಾಣತನ ಅಂತ ಮೆಚ್ಚುವುದು ಕಷ್ಟ, ಅಲ್ವಾ?

ಉತ್ತರ: ಹಾಗಾದರೆ 1982ರ ‘ಫೌಂಡೇಷನ್ಸ್ ಎಡ್ಜ್’ ಬಿಡಲೇಬೇಡಿ ಸರ್. ಯೋಜನೆ ಇಷ್ಟು ಸರಾಗವಾಗಿ ನಡೆಯುತ್ತಿರುವುದೇ ಅನುಮಾನ ಅನ್ನುವ ಟ್ರೆವೈಜ್ ಅಲ್ಲಿದ್ದಾನೆ. ಅಸಿಮೋವ್ ತಾವೇ ಹಳೆಯ ಗಂಟು ಬಿಚ್ಚಿ ನೋಡಿದ ಹಾಗಿದೆ. ಆದರೂ ಕೊನೆಗೆ ಇಡೀ ಗ್ಯಾಲಕ್ಸಿಯ ದಾರಿ ಆರಿಸುವುದು ಒಬ್ಬನೇ. ಅಲ್ಲಿಗೆ ಬಂದಾಗ ನಿಮಗೇನನ್ನಿಸಿತು ಅಂತ ಖಂಡಿತ ಇಲ್ಲಿ ಬರೆಯಿರಿ.